ಅಲ್ಯುಮಿನಿಯಂ ಎಂಜಿನ್ ಬ್ಲಾಕ್: ಲೋಹದ ಹೆಸರೋ, ಸಿಲಿಂಡರಿನ ಗೋಡೆಯೋ?

ಕಾರು, ಬೈಕುಗಳ ಜಾಹೀರಾತಿನಲ್ಲಿ 'ಪೂರ್ಣ ಅಲ್ಯುಮಿನಿಯಂ ಎಂಜಿನ್' ಎಂಬ ಮಾತನ್ನು ನೀವು ಓದಿರುತ್ತೀರಿ. ಅಲ್ಯುಮಿನಿಯಂ ಹಗುರ, ಶಾಖವನ್ನು ಬೇಗ ಸಾಗಿಸುತ್ತದೆ, ಆದ್ದರಿಂದ ಬ್ಲಾಕಿಗೆ ಒಳ್ಳೆಯದು ಎಂದು ಪಠ್ಯಪುಸ್ತಕಗಳೂ ಎರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಆ ಎರಡು ಸಾಲು ಸುಳ್ಳಲ್ಲ. ಆದರೆ ಎಂಜಿನ್ನಿನ ಸಾಮರ್ಥ್ಯವನ್ನು ಕಾರ್ಖಾನೆ ಕೊಟ್ಟದ್ದಕ್ಕಿಂತ ಒಂದೂವರೆ, ಎರಡು ಪಟ್ಟು ಏರಿಸಹೊರಟವರಿಗೆ ಅವು ಸಾಲುವುದಿಲ್ಲ. ಬ್ಲಾಕ್ ಯಾವ ಲೋಹದ್ದು ಎಂಬುದಕ್ಕಿಂತ ಅದರೊಳಗೆ ಸಿಲಿಂಡರಿನ ಗೋಡೆಯನ್ನು ಹೇಗೆ ಮಾಡಲಾಗಿದೆ, ಅದನ್ನು ಯಾವುದು ಹಿಡಿದು ನಿಲ್ಲಿಸಿದೆ ಎಂಬುದೇ ಮುಖ್ಯ ಎನ್ನುವುದು ನನ್ನ ವಾದ. ಆ ದೃಷ್ಟಿಯಿಂದ ಬಳಕೆಯಲ್ಲಿರುವ ಕೆಲವು ವಿನ್ಯಾಸಗಳನ್ನು ಇಲ್ಲಿ ಪರೀಕ್ಷಿಸೋಣ.

ಇದು ಎಲ್ಲೋ ದೂರದ ರೇಸಿಂಗ್ ಜಗತ್ತಿನ ಚರ್ಚೆಯೆಂದು ತಿಳಿಯಬೇಡಿ. ಸಂತೇಬೆನ್ನೂರು, ಚನ್ನಗಿರಿ ಕಡೆಯ ತೋಟದ ಮನೆಗಳಲ್ಲಿ ಅಡಿಕೆಗೆ ಬೆಲೆ ಬಂದ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಕಾರು ಬರುತ್ತದೆ. ಅದರ ಹಿಂದೆಯೇ ಅದನ್ನು 'ಟ್ಯೂನ್' ಮಾಡಿಸುವ ಆಸೆಯೂ ಬರುತ್ತದೆ. ನನ್ನ ಪರಿಚಯದ ಒಂದು ಮನೆಯ ಹುಡುಗ ಹಳೆಯ ಹೋಂಡಾ ಸಿಟಿ ಕಾರಿಗೆ ಟರ್ಬೊ ಕೂರಿಸುವ ಯೋಚನೆಯಲ್ಲಿದ್ದ. "ಸರ್, ಅದು ಫುಲ್ ಅಲ್ಯುಮಿನಿಯಂ. ಇನ್ನೂರು ಎಚ್‌ಪಿ ತಡೆಯುತ್ತೆ ಅಲ್ವಾ?" ಎಂದು ಕೇಳಿದ. ತಡೆಯದಿದ್ದರೆ ಹೋಗುವುದು ಅವನ ತಂದೆಯ ಒಂದು ಫಸಲಿನ ಹಣ. (ಕಾನೂನಿನ ಮಾತೂ ಒಂದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಹೊಂದದ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಮುಂದೆ ಬರೆದಿರುವುದೆಲ್ಲ ಸ್ಪರ್ಧೆಯ ಮೈದಾನಕ್ಕೆ, ಪ್ರಯೋಗಶಾಲೆಗೆ ಸಂಬಂಧಿಸಿದ್ದು.)

ಆ ಪ್ರಶ್ನೆಯಲ್ಲಿಯೇ ಒಂದು ತೊಡಕಿದೆ. ಬ್ಲಾಕಿಗೆ ಅಶ್ವಸಾಮರ್ಥ್ಯ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಒತ್ತಡ, ಉಷ್ಣತೆ ಮತ್ತು ತಿರುಗುವ ಭಾಗಗಳ ಎಳೆತ ಮಾತ್ರ. ನಾಲ್ಕು ಹೊಡೆತದ ಎಂಜಿನ್ನಿನ ಸಾಮರ್ಥ್ಯವೆಂದರೆ ಸರಾಸರಿ ಪರಿಣಾಮಕಾರಿ ಒತ್ತಡ, ಎಂಜಿನ್ನಿನ ಗಾತ್ರ ಮತ್ತು ಸೆಕೆಂಡಿಗೆ ಎಷ್ಟು ಸುತ್ತು ಎಂಬುದರ ಅರ್ಧ, ಈ ಮೂರರ ಗುಣಲಬ್ಧ. ಎರಡು ಲೀಟರಿನ ಎಂಜಿನ್ನಿನಿಂದ 240 ಅಶ್ವಸಾಮರ್ಥ್ಯ ಬೇಕೆನ್ನಿ. 1999ರಲ್ಲಿ ಬಂದ ಹೋಂಡಾ ಎಸ್2000 ಕಾರಿನಂತೆ ನಿಮಿಷಕ್ಕೆ 8,300 ಸುತ್ತು ತಿರುಗಿಸಿ ಪಡೆದರೆ ಸರಾಸರಿ ಒತ್ತಡ ಸುಮಾರು 13 ಬಾರ್. ಅಷ್ಟೇ ಸಾಮರ್ಥ್ಯವನ್ನು ಟರ್ಬೊ ಹಾಕಿ 5,500 ಸುತ್ತಿನಲ್ಲಿ ಪಡೆದರೆ ಅದು ಸುಮಾರು 19.5 ಬಾರ್ ಆಗುತ್ತದೆ. ಮೊದಲನೆಯ ದಾರಿಯಲ್ಲಿ ಕಷ್ಟಪಡುವುದು ಕನೆಕ್ಟಿಂಗ್ ರಾಡ್ ಮತ್ತು ಬೇರಿಂಗ್, ಏಕೆಂದರೆ ಜಡತ್ವದ ಬಲ ವೇಗದ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆ. ಎರಡನೆಯದರಲ್ಲಿ ಕಷ್ಟಪಡುವುದು ಸಿಲಿಂಡರಿನ ಗೋಡೆ, ಹೆಡ್ ಬೋಲ್ಟು, ಗ್ಯಾಸ್ಕೆಟ್. ಎರಡೂ ಎಂಜಿನ್ನುಗಳ ಕಾಗದದ ಮೇಲೆ ಬರೆಯುವ ಸಂಖ್ಯೆ ಮಾತ್ರ ಒಂದೇ!

ಆ ಹುಡುಗನ ಕಾರಿನ ಲೆಕ್ಕವನ್ನೇ ನೋಡಿ. 1.5 ಲೀಟರ್, ಸುಮಾರು 105 ಅಶ್ವಸಾಮರ್ಥ್ಯ, ಸಿಲಿಂಡರಿನ ವ್ಯಾಸ 75 ಮಿ.ಮೀ. ಇಂಥ ಪೆಟ್ರೋಲ್ ಎಂಜಿನ್ನಿನಲ್ಲಿ ದಹನದ ಗರಿಷ್ಠ ಒತ್ತಡ 70 ಬಾರ್ ಎಂದುಕೊಂಡರೆ, ಪ್ರತಿ ಸಲ ಉರಿದಾಗಲೂ ಹೆಡ್ಡನ್ನು ಮೇಲಕ್ಕೆತ್ತುವ ಬಲ ಸುಮಾರು ಮೂರು ಟನ್ ತೂಕದಷ್ಟು. ಟರ್ಬೊ ಹಾಕಿ 110 ಬಾರ್ ಮುಟ್ಟಿದರೆ ಸುಮಾರು ಐದು ಟನ್. ಇನ್ನು ನಾಕಿಂಗ್ ಶುರುವಾದರೆ ಈ ಲೆಕ್ಕವೇ ಉಳಿಯುವುದಿಲ್ಲ; ಮಿಶ್ರಣ ಒಮ್ಮೆಲೇ ಸಿಡಿದು ಒತ್ತಡದ ಅಲೆಗಳು ಗೋಡೆಯನ್ನು ಸುತ್ತಿಗೆಯಂತೆ ಬಡಿಯುತ್ತವೆ.

ಈಗ ಲೋಹಗಳ ವಿಚಾರ. ಅಲ್ಯುಮಿನಿಯಮ್ಮಿನ ಸಾಂದ್ರತೆ ಬೀಡು ಕಬ್ಬಿಣದ ಸುಮಾರು ಮೂರನೇ ಒಂದು ಭಾಗದಷ್ಟು, ಉಷ್ಣವಾಹಕತೆ ಸುಮಾರು ಮೂರು ಪಟ್ಟು. ಆದರೆ ಬಾಗದೆ ನಿಲ್ಲುವ ಗುಣದಲ್ಲಿ, ಅಂದರೆ ಯಂಗ್ ಗುಣಾಂಕದಲ್ಲಿ, ಅದು 70 ಗಿಗಾಪಾಸ್ಕಲ್. ಬೀಡು ಕಬ್ಬಿಣ 100ರಿಂದ 130. ತೂಕಕ್ಕೆ ತೂಕ ಹೋಲಿಸಿದರೆ ಅಲ್ಯುಮಿನಿಯಂ ಗೆಲ್ಲುತ್ತದೆ, ನಿಜ. ಆದರೆ ಎರಡು ಸಿಲಿಂಡರುಗಳ ನಡುವೆ ಇರುವ ಜಾಗ ಮೊದಲೇ ನಿಗದಿಯಾದದ್ದು. ಅಲ್ಲಿ ತೂಕದ ಲೆಕ್ಕ ನಡೆಯುವುದಿಲ್ಲ, ದಪ್ಪದ ಲೆಕ್ಕ ನಡೆಯುತ್ತದೆ. ಅದೇ ದಪ್ಪದ ಗೋಡೆ ಅಲ್ಯುಮಿನಿಯಮ್ಮಿನದಾದರೆ ಹೆಚ್ಚು ಉಬ್ಬುತ್ತದೆ. ಜೊತೆಗೆ 200 ಡಿಗ್ರಿ ಸೆಲ್ಷಿಯಸ್ ದಾಟಿದರೆ ಎಂಜಿನ್ನಿಗೆ ಬಳಸುವ ಅಲ್ಯುಮಿನಿಯಂ-ಸಿಲಿಕಾನ್ ಮಿಶ್ರಲೋಹಗಳು ಬೇಗಬೇಗನೆ ಬಲ ಕಳೆದುಕೊಳ್ಳುತ್ತವೆ. ಬೀಡು ಕಬ್ಬಿಣಕ್ಕೆ 400 ಡಿಗ್ರಿಯಾದರೂ ಅಷ್ಟು ಚಿಂತೆಯಿಲ್ಲ.

ವಿನ್ಯಾಸಗಳಲ್ಲಿ ಮೊದಲನೆಯದು 'ಓಪನ್ ಡೆಕ್'. ಡೆಕ್ ಎಂದರೆ ಬ್ಲಾಕಿನ ಮೇಲೆ ಹೆಡ್ ಕೂರುವ ಸಮತಟ್ಟು ಮುಖ. ಸಂತೇಬೆನ್ನೂರಿನ ಪುಷ್ಕರಣಿಯನ್ನು ನೋಡಿದವರು ಅದರ ನಡುವಿನ ವಸಂತ ಮಂಟಪವನ್ನು ನೆನಪಿಸಿಕೊಳ್ಳಿ. ಸುತ್ತ ನೀರು, ನಡುವೆ ತನ್ನ ಬುಡದ ಮೇಲಷ್ಟೇ ನಿಂತ ಮಂಟಪ, ದಡಕ್ಕೂ ಅದಕ್ಕೂ ಮೇಲೆ ಯಾವ ಕೊಂಡಿಯೂ ಇಲ್ಲ. ಓಪನ್ ಡೆಕ್ ಬ್ಲಾಕಿನಲ್ಲಿ ಸಿಲಿಂಡರುಗಳು ನಿಂತಿರುವುದು ಹೀಗೆಯೇ. ಸುತ್ತಲೂ ತಂಪು ನೀರಿನ ಕಾಲುವೆ, ಕೆಳಗೆ ಮಾತ್ರ ಬಿಗಿ. ಮಂಟಪಕ್ಕೆ ಅದರಿಂದ ತೊಂದರೆಯಿಲ್ಲ. ಅದರೊಳಗೆ ಯಾರೂ ನಿಮಿಷಕ್ಕೆ ಮೂರು ಸಾವಿರ ಸಲ ಐದು ಟನ್ ಬಲದಿಂದ ಗುದ್ದುವುದಿಲ್ಲ. ಸಿಲಿಂಡರಿಗೆ ತೊಂದರೆಯಿದೆ. ಪಿಸ್ಟನ್ ಕೆಳಗಿಳಿಯುವಾಗ ಕನೆಕ್ಟಿಂಗ್ ರಾಡ್ ಓರೆಯಾಗಿರುವುದರಿಂದ ಗೋಡೆಯನ್ನು ಒಂದು ಬದಿಗೆ ತಳ್ಳುತ್ತದೆ. ಒತ್ತಡ ಅತಿ ಹೆಚ್ಚಿರುವುದು ಮೇಲ್ತುದಿಯ ಬಳಿ, ಆಧಾರವಿಲ್ಲದಿರುವುದೂ ಅಲ್ಲಿಯೇ. ಗೋಡೆಯ ತುದಿ ಕೂದಲೆಳೆಯಷ್ಟು ಅತ್ತಿತ್ತ ಓಲಾಡಿದರೂ ಗ್ಯಾಸ್ಕೆಟ್ ಉಜ್ಜಿಹೋಗುತ್ತದೆ. ಗ್ಯಾಸ್ಕೆಟ್ ಹೋಯಿತೆಂದು ಮೆಕ್ಯಾನಿಕ್ ಹೊಸದನ್ನು ಹಾಕುತ್ತಾನೆ, ತಿಂಗಳೊಳಗೆ ಅದೂ ಹೋಗುತ್ತದೆ. ಕಾರಣ ಗ್ಯಾಸ್ಕೆಟ್ಟಿನಲ್ಲಿಲ್ಲ.

ಹಾಗಾದರೆ ತಿಳಿದವರು ಹೀಗೇಕೆ ಮಾಡುತ್ತಾರೆ? ಇದು ಸಾಮರ್ಥ್ಯಕ್ಕಾಗಿ ಆರಿಸಿದ ವಿನ್ಯಾಸವಲ್ಲ, ಉತ್ಪಾದನೆಯ ವೇಗಕ್ಕಾಗಿ ಆರಿಸಿದ್ದು. ಲಕ್ಷಗಟ್ಟಲೆ ಬ್ಲಾಕುಗಳನ್ನು ಮಾಡುವಾಗ ಕರಗಿದ ಅಲ್ಯುಮಿನಿಯಮ್ಮನ್ನು ಅಧಿಕ ಒತ್ತಡದಲ್ಲಿ ಉಕ್ಕಿನ ಅಚ್ಚಿನೊಳಗೆ ಚಿಮ್ಮಿಸುತ್ತಾರೆ. ನೀರಿನ ಕಾಲುವೆಯ ಆಕಾರವನ್ನು ಕೊಡುವುದೂ ಉಕ್ಕಿನ ತುಂಡೇ. ಎರಕ ಗಟ್ಟಿಯಾದ ಮೇಲೆ ಆ ತುಂಡನ್ನು ಹೊರಗೆಳೆಯಬೇಕಲ್ಲ? ಎಳೆಯಲು ಮೇಲೆ ದಾರಿ ಬೇಕು. ಆ ದಾರಿಯೇ ತೆರೆದ ಡೆಕ್. ಮುಚ್ಚಿದ ಡೆಕ್ ಬೇಕೆಂದರೆ ಕಾಲುವೆಯ ಜಾಗಕ್ಕೆ ಮರಳಿನ ಅಚ್ಚು ಇಟ್ಟು, ಆಮೇಲೆ ಅದನ್ನು ಒಡೆದು ಉದುರಿಸಬೇಕು. ಅದು ನಿಧಾನ, ಖರ್ಚೂ ಹೆಚ್ಚು. ಇನ್ನೊಂದು ಸಂಗತಿ: ಚಿಮ್ಮಿಸಿದ ಎರಕದಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಅಂಥ ಎರಕವನ್ನು 500 ಡಿಗ್ರಿಗೂ ಮೇಲೆ ಕಾಯಿಸಿ, ತಣಿಸಿ, ಹದಗೊಳಿಸುವ ಪೂರ್ಣ ಉಷ್ಣೋಪಚಾರಕ್ಕೆ ಒಳಪಡಿಸಿದರೆ ಮೈಮೇಲೆ ಗುಳ್ಳೆ ಏಳುತ್ತದೆ. ಆದ್ದರಿಂದ ಸಾಮಾನ್ಯ ಓಪನ್ ಡೆಕ್ ಬ್ಲಾಕ್, ಮಿಶ್ರಲೋಹ ಕೊಡಬಲ್ಲ ಪೂರ್ಣ ಬಲವನ್ನು ಎಂದೂ ಪಡೆದಿರುವುದಿಲ್ಲ. ದಿನಬಳಕೆಯ ಕಾರಿಗೆ ಇದು ಧಾರಾಳ ಸಾಕು. ಎರಡು ಪಟ್ಟು ಒತ್ತಡಕ್ಕೆ ಇದನ್ನು ಆರಿಸುವುದು ಮಾತ್ರ ತಪ್ಪು ಆಯ್ಕೆ.

ಇದಕ್ಕೆ ಸುಲಭದ ಪರಿಹಾರವೆಂದು ಮಾರಾಟವಾಗುವುದು 'ಬ್ಲಾಕ್ ಗಾರ್ಡ್'. ತೆರೆದ ಕಾಲುವೆಯ ಬಾಯಿಗೆ ಕೂರಿಸುವ, ತೂತುಗಳುಳ್ಳ ಒಂದು ಅಲ್ಯುಮಿನಿಯಂ ಪಟ್ಟಿ. ಓಲಾಟ ಕಡಿಮೆಯಾಗುತ್ತದೆ, ನಿಜ. ಆದರೆ ಎಂಜಿನ್ನಿನಲ್ಲಿ ಅತಿ ಬಿಸಿಯಾದ ಜಾಗ ಸಿಲಿಂಡರಿನ ಮೇಲ್ತುದಿ; ನೀರು ಸರಾಗವಾಗಿ ಹರಿಯಬೇಕಾದ ಜಾಗವೂ ಅದೇ. ಅಲ್ಲಿಗೇ ಅಡ್ಡ ಇಟ್ಟಂತಾಯಿತು. ಸುತ್ತಿಗೆಯಿಂದ ಬಡಿದು ಕೂರಿಸಿದರೆ ದುಂಡಗಿರಬೇಕಾದ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗುವುದೂ ಉಂಟು. ನನ್ನ ಅಭಿಪ್ರಾಯದಲ್ಲಿ ಇದು ರೋಗ ಬಿಟ್ಟು ನೋವಿಗೆ ಮಾತ್ರ ಕೊಟ್ಟ ಔಷಧಿ. ಹಳೆಯ ಗೋಡೆಯನ್ನು ಪೂರ್ತಿ ಕೊರೆದು ತೆಗೆದು, ಮೇಲೆ ಅಗಲವಾದ ಅಂಚುಳ್ಳ ಡಕ್ಟೈಲ್ ಕಬ್ಬಿಣದ ಸ್ಲೀವುಗಳನ್ನು ಒಂದಕ್ಕೊಂದು ತಾಗುವಂತೆ ಕೂರಿಸುವುದು ಸರಿಯಾದ ದಾರಿ. ಆ ಅಂಚುಗಳೇ ಸೇರಿ ಮುಚ್ಚಿದ ಡೆಕ್ ಆಗುತ್ತವೆ. ಆದರೆ ಹಳೆಯ ಕಾರಿನ ವಿಷಯದಲ್ಲಿ ಈ ಕೆಲಸದ ಖರ್ಚು ಕಾರಿನ ಬೆಲೆಯನ್ನೇ ಮೀರಬಹುದು.

ಸ್ಲೀವ್ ಹಾಕುವಾಗ ಭೌತಶಾಸ್ತ್ರದ ಒಂದು ಸರಳ ಪಾಠ ಎದುರಾಗುತ್ತದೆ. ಒಂದು ಡಿಗ್ರಿ ಏರಿಕೆಗೆ ಅಲ್ಯುಮಿನಿಯಂ ಹಿಗ್ಗುವುದು ಮೀಟರಿಗೆ ಸುಮಾರು 22 ಮೈಕ್ರಾನ್, ಕಬ್ಬಿಣ ಸುಮಾರು 11. ಹೊರವ್ಯಾಸ 82 ಮಿ.ಮೀ. ಇರುವ ಸ್ಲೀವ್ ಮತ್ತು ಅದರ ಸುತ್ತಲಿನ ಅಲ್ಯುಮಿನಿಯಂ ಎರಡೂ 80 ಡಿಗ್ರಿ ಬಿಸಿಯೇರಿದರೆ ಅಲ್ಯುಮಿನಿಯಮ್ಮಿನ ರಂಧ್ರ ಸುಮಾರು 0.07 ಮಿ.ಮೀ. ಹೆಚ್ಚು ಹಿಗ್ಗುತ್ತದೆ. ತಣ್ಣಗಿರುವಾಗ ಬಿಗಿಯಾಗಿ ಒತ್ತಿ ಕೂರಿಸಿದ್ದು ಬಿಸಿಯಾದಾಗ ಸಡಿಲ! ಸ್ಲೀವ್ ಸುತ್ತಲಿನ ಲೋಹಕ್ಕಿಂತ ಬಿಸಿಯಿರುವುದರಿಂದ ಈ ವ್ಯತ್ಯಾಸ ಸ್ವಲ್ಪ ತಗ್ಗುತ್ತದೆಂಬುದೊಂದೇ ಸಮಾಧಾನ. ಸಾಕಷ್ಟು ಬಿಗಿ ಇಡದಿದ್ದರೆ ಸ್ಲೀವ್ ಕೆಳಕ್ಕೆ ಕುಸಿಯುತ್ತದೆ. ಅಂಚಿಲ್ಲದ ಸ್ಲೀವ್ ಹಾಕಿಸಿದವರಿಗೆ ಈ ಅನುಭವ ಹೆಚ್ಚು. ಕಾರ್ಖಾನೆಯಲ್ಲಿ ಲೈನರನ್ನು ಎರಕದೊಳಗೇ ಇಟ್ಟು, ಅದರ ಹೊರಮೈಯನ್ನು ಉದ್ದೇಶಪೂರ್ವಕವಾಗಿ ಒರಟಾಗಿಸಿ ಅಲ್ಯುಮಿನಿಯಂ ಕಚ್ಚಿಕೊಳ್ಳುವಂತೆ ಮಾಡುವುದು ಇದಕ್ಕಾಗಿಯೇ.

ಹಿಗ್ಗುವಿಕೆಯ ಇದೇ ಲೆಕ್ಕ ಕ್ರ್ಯಾಂಕ್‌ಶಾಫ್ಟಿಗೂ ಅನ್ವಯಿಸುತ್ತದೆ. 60 ಮಿ.ಮೀ. ವ್ಯಾಸದ ಮುಖ್ಯ ಬೇರಿಂಗಿನ ಮನೆ ಅಲ್ಯುಮಿನಿಯಮ್ಮಿನದು, ಶಾಫ್ಟು ಉಕ್ಕಿನದು. ಎಂಜಿನ್ ಬಿಸಿಯಾದಾಗ ನಡುವಿನ ಸಂದು ಸುಮಾರು 0.05 ಮಿ.ಮೀ. ಹೆಚ್ಚುತ್ತದೆ. ತಣ್ಣಗಿರುವಾಗಿನ ಸಂದೇ ಹೆಚ್ಚುಕಡಿಮೆ ಅಷ್ಟಿರುತ್ತದೆ, ಅಂದರೆ ಅದು ಎರಡರಷ್ಟಾಯಿತು. ಆಯಿಲ್ ಒತ್ತಡ ಇಳಿಯುವುದು ಇದರಿಂದಲೇ. ಕಬ್ಬಿಣದ ಬ್ಲಾಕಿಗೆ ಕಲಿತ ಕೈ ಅದೇ ಅಳತೆಯನ್ನು ಅಲ್ಯುಮಿನಿಯಂ ಬ್ಲಾಕಿಗೆ ಇಟ್ಟರೆ ಬೇರಿಂಗು ಸದ್ದು ಮಾಡಲು ಬಹಳ ದಿನ ಬೇಕಾಗುವುದಿಲ್ಲ.

ಲೈನರೇ ಬೇಡವೆಂದು ಹೊರಟವರೂ ಇದ್ದಾರೆ. ಅಮೆರಿಕದ ಷೆವ್ರೊಲೆ ಕಂಪನಿ 1970ರಲ್ಲಿ ಮಾರುಕಟ್ಟೆಗೆ ತಂದ ವೇಗಾ ಕಾರಿನ 2.3 ಲೀಟರ್ ಬ್ಲಾಕ್ ಇದರ ಪ್ರಸಿದ್ಧ ಉದಾಹರಣೆ. ಶೇ. 17ರಷ್ಟು ಸಿಲಿಕಾನ್ ಬೆರೆಸಿ, ಗೋಡೆಯ ಮೇಲ್ಪದರದ ಅಲ್ಯುಮಿನಿಯಮ್ಮನ್ನು ಕೆತ್ತಿ ತೆಗೆದರೆ ಗಟ್ಟಿ ಸಿಲಿಕಾನ್ ಹರಳುಗಳು ಉಬ್ಬಿ ನಿಲ್ಲುತ್ತವೆ. ಪಿಸ್ಟನ್ ರಿಂಗುಗಳು ಅದರ ಮೇಲೆ ಜಾರುತ್ತವೆ. ಉಪಾಯ ಚೆನ್ನಾಗಿದೆ. ಆದರೆ ಆ ಬ್ಲಾಕ್ ಓಪನ್ ಡೆಕ್ ಆಗಿತ್ತು, ಮೇಲೆ ಕೂತ ಹೆಡ್ ಬೀಡು ಕಬ್ಬಿಣದ್ದು. ನೀರು ಕಡಿಮೆಯಾಗಿ ಒಮ್ಮೆ ಅತಿಯಾಗಿ ಬಿಸಿಯೇರಿದರೆ ಸಿಲಿಂಡರು ಸೊಟ್ಟಗಾಗಿ, ಗೋಡೆ ಗೀಚಿಹೋಗಿ, ಎಂಜಿನ್ ಆಯಿಲ್ ಕುಡಿಯತೊಡಗುತ್ತಿತ್ತು. 1977ರಲ್ಲಿ ಕಾರಿನ ತಯಾರಿಕೆಯೇ ನಿಂತಿತು. ಆ ಲೋಹ ಕೆಟ್ಟದ್ದೆಂದು ಇದರಿಂದ ತೀರ್ಮಾನಿಸುವುದು ತಪ್ಪು. ಅದೇ ಬಗೆಯ ಮಿಶ್ರಲೋಹವನ್ನು ಪೋರ್ಷೆ ಕಂಪನಿ ತನ್ನ 928 ಕಾರಿನಲ್ಲಿ ಯಶಸ್ವಿಯಾಗಿ ಬಳಸಿತು. ವೇಗಾ ಸೋತದ್ದು ಅದರ ಡೆಕ್ಕಿನಲ್ಲಿ ಮತ್ತು ತಂಪುಗೊಳಿಸುವ ಏರ್ಪಾಟಿನಲ್ಲಿ.

ಇನ್ನೊಂದು ಲೈನರಿಲ್ಲದ ದಾರಿ ನಿಕಾಸಿಲ್ ಲೇಪನ. ನಿಕಲ್ ಪದರದೊಳಗೆ ಸಿಲಿಕಾನ್ ಕಾರ್ಬೈಡ್ ಕಣಗಳನ್ನು ಹುದುಗಿಸಿ ಅಲ್ಯುಮಿನಿಯಂ ಗೋಡೆಯ ಮೇಲೆ ವಿದ್ಯುಲ್ಲೇಪನ ಮಾಡುತ್ತಾರೆ. ಜರ್ಮನಿಯ ಮಾಹ್ಲೆ ಕಂಪನಿ ಇದನ್ನು 1967ರಲ್ಲಿ ರೂಪಿಸಿತು. ಗಟ್ಟಿ, ತೆಳು, ಶಾಖಕ್ಕೆ ಅಡ್ಡಿಯಿಲ್ಲ. ರೇಸಿಂಗಿಗೆ ಇದಕ್ಕಿಂತ ಒಳ್ಳೆಯ ಗೋಡೆ ಕಡಿಮೆ. ಆದರೂ 1990ರ ದಶಕದಲ್ಲಿ ಬಿಎಂಡಬ್ಲ್ಯು ಕಂಪನಿಯ ಕೆಲವು ಎಂಜಿನ್ನುಗಳಲ್ಲಿ ಗಂಧಕ ಹೆಚ್ಚಿದ್ದ ಪೆಟ್ರೋಲಿನಿಂದ ಈ ಲೇಪನ ಸವೆದು ಹೋಯಿತು. ನಮ್ಮ ವಿದ್ಯಾರ್ಥಿಗಳಿಗೆ ಇದು ಹತ್ತಿರದ ವಿಷಯ. ಸ್ಪರ್ಧೆಯ ಕಾರುಗಳಿಗೆ ಅವರು ಮೆಚ್ಚಿ ಆರಿಸುವ ಕೆಟಿಎಂ 390 ಬೈಕಿನ 373 ಸಿಸಿ ಎಂಜಿನ್ನಿನ ಗೋಡೆಯೂ ನಿಕಾಸಿಲ್ ಲೇಪನದ್ದೇ. ಯಮಹಾ ಆರ್‌ಎಕ್ಸ್100 ಕಾಲದಿಂದ ನಮ್ಮೂರ ಮೆಕ್ಯಾನಿಕ್ಕುಗಳ ಕೈಗೆ ಬಂದಿರುವ ವಿದ್ಯೆಯೆಂದರೆ ಸವೆದ ಸಿಲಿಂಡರನ್ನು ಲೇತ್ ಅಂಗಡಿಗೆ ಕೊಟ್ಟು ಬೋರಿಂಗ್ ಮಾಡಿಸಿ, ಒಂದು ಅಳತೆ ದೊಡ್ಡ ಪಿಸ್ಟನ್ ಹಾಕುವುದು. ಆರ್‌ಎಕ್ಸ್100ರಲ್ಲಿ ಕಬ್ಬಿಣದ ತೋಳಿತ್ತು, ನಡೆಯುತ್ತಿತ್ತು. ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ತೆಳುವಾದ ಲೇಪನವನ್ನು ಬೋರಿಂಗ್ ಮಾಡಿದರೆ ಉಳಿಯುವುದು ಬರೀ ಅಲ್ಯುಮಿನಿಯಂ. ಅದರ ಮೇಲೆ ಪಿಸ್ಟನ್ ಕಚ್ಚಿಕೊಳ್ಳಲು ಹೆಚ್ಚು ದೂರ ಓಡಬೇಕಾಗಿಲ್ಲ.

'ಸಾಮರ್ಥ್ಯ ಬೇಕಾದರೆ ಅಲ್ಯುಮಿನಿಯಮ್ಮೇ' ಎನ್ನುವವರಿಗೆ ಫಾರ್ಮುಲಾ ಒನ್ ಇತಿಹಾಸದಿಂದ ಎರಡು ಉತ್ತರಗಳಿವೆ. 1966ರಲ್ಲಿ ಜ್ಯಾಕ್ ಬ್ರಾಬಮ್ ವಿಶ್ವ ಚಾಂಪಿಯನ್ ಆದದ್ದು ಆಸ್ಟ್ರೇಲಿಯದ ರೆಪ್ಕೊ ಕಂಪನಿಯ ಮೂರು ಲೀಟರ್ ಎಂಜಿನ್ನಿನಿಂದ. ಅದರ ಬ್ಲಾಕ್ ಅಮೆರಿಕದ ಓಲ್ಡ್ಸ್‌ಮೊಬೀಲ್ ಎಂಬ ಸಂಸಾರಸ್ಥರ ಕಾರಿನ ಅಲ್ಯುಮಿನಿಯಂ ಬ್ಲಾಕ್! ಸಾಮರ್ಥ್ಯ ಸುಮಾರು 300, ಟರ್ಬೊ ಇಲ್ಲ. ಹಗುರವೆಂಬ ಗುಣ ಅಲ್ಲಿ ಪೂರ್ತಿ ಸಾರ್ಥಕವಾಯಿತು. 1983ರಲ್ಲಿ ನೆಲ್ಸನ್ ಪಿಕೆ ಚಾಂಪಿಯನ್ ಆದಾಗ ಅವರ ಬ್ರಾಬಮ್ ಕಾರಿನಲ್ಲಿದ್ದದ್ದು ಬಿಎಂಡಬ್ಲ್ಯು ಕಂಪನಿಯ 1.5 ಲೀಟರ್ ಟರ್ಬೊ ಎಂಜಿನ್. ಅದರ ಬ್ಲಾಕ್ 1960ರ ದಶಕದ ಸಾಮಾನ್ಯ ಕಾರಿನಿಂದ ಬಂದ ಬೀಡು ಕಬ್ಬಿಣದ್ದು. ಮುಂದೆ 1986ರ ಹೊತ್ತಿಗೆ ಅರ್ಹತಾ ಸುತ್ತುಗಳಲ್ಲಿ ಅದೇ ಕಬ್ಬಿಣದಿಂದ 1,000ಕ್ಕೂ ಹೆಚ್ಚು ಅಶ್ವಸಾಮರ್ಥ್ಯ ಹೊರಟಿತು. ಟೊಯೊಟಾ ಸುಪ್ರಾ ಕಾರಿನ ಮೂರು ಲೀಟರ್ ಟರ್ಬೊ ಎಂಜಿನ್ ಇಂದಿಗೂ ಸಾಮರ್ಥ್ಯ ಏರಿಸುವವರ ಮೆಚ್ಚಿನದಾಗಿರುವುದು ಅದರ ಮುಚ್ಚಿದ ಡೆಕ್ಕಿನ ಕಬ್ಬಿಣದ ಬ್ಲಾಕಿನಿಂದಲೇ. ಹಾಗೆಂದು ಅಲ್ಯುಮಿನಿಯಂನಿಂದ ಆಗದೆಂದಲ್ಲ. ನಿಸ್ಸಾನ್ ಜಿಟಿ-ಆರ್ 2007ರಲ್ಲಿ ಬಂದಾಗ ಅದರ ಹಿಂದಿನ ಪೀಳಿಗೆಯ ಕಬ್ಬಿಣದ ಬ್ಲಾಕಿನ ಜಾಗದಲ್ಲಿ ಅಲ್ಯುಮಿನಿಯಂ ಬಂತು. ಆದರೆ ಡೆಕ್ ಮುಚ್ಚಿದ್ದು, ಗೋಡೆಗೆ ಪ್ಲಾಸ್ಮಾದಿಂದ ಸಿಂಪಡಿಸಿದ ಕಬ್ಬಿಣದ ಪದರ. ಮೊದಲು ಒತ್ತಡವನ್ನು ತೀರ್ಮಾನಿಸಿ, ಅದಕ್ಕೆ ತಕ್ಕ ಗೋಡೆ ಕಟ್ಟಿದ ವಿನ್ಯಾಸವಿದು.

ಅಮೆರಿಕದ ಟಾಪ್ ಫ್ಯೂಯೆಲ್ ಡ್ರ್ಯಾಗ್ ರೇಸ್ ಕಾರುಗಳನ್ನೂ ಕೆಲವರು ಉದಾಹರಿಸುತ್ತಾರೆ. ಹತ್ತು ಸಾವಿರಕ್ಕೂ ಮೀರಿದ ಅಶ್ವಸಾಮರ್ಥ್ಯ, ಬ್ಲಾಕ್ ಅಲ್ಯುಮಿನಿಯಂ! ನಿಜ, ಆದರೆ ಅದು ಎರಕವಲ್ಲ. ಕುಟ್ಟಿ ಹದಗೊಳಿಸಿದ ಗಟ್ಟಿಯಿಂದ ಕೊರೆದು ತೆಗೆದದ್ದು. ಅದರಲ್ಲಿ ನೀರಿನ ಕಾಲುವೆಯೇ ಇಲ್ಲ. ಸುತ್ತಲೂ ಬರೀ ಲೋಹ, ಒಳಗೆ ಬದಲಾಯಿಸಬಲ್ಲ ಕಬ್ಬಿಣದ ಲೈನರು. ಓಟ 305 ಮೀಟರ್, ನಾಲ್ಕು ಸೆಕೆಂಡಿನೊಳಗೆ ಮುಗಿಯುತ್ತದೆ. ಆಮೇಲೆ ಎಂಜಿನ್ ಬಿಚ್ಚಿ ಮತ್ತೆ ಕಟ್ಟುತ್ತಾರೆ. ಸಂತೇಬೆನ್ನೂರಿನಿಂದ ದಾವಣಗೆರೆಗೆ ಹೋಗಿಬರಬೇಕಾದ ಕಾರಿಗೆ ಇದರಿಂದ ಕಲಿಯುವುದು ಏನೂ ಇಲ್ಲ.

ನಮ್ಮ ಜನಕ್ಕೆ ಹೆಚ್ಚು ಪರಿಚಿತವಾದ ಬಲದ ಯಂತ್ರ ಟ್ರ್ಯಾಕ್ಟರ್. ಅದರ ಬ್ಲಾಕ್ ಬೀಡು ಕಬ್ಬಿಣದ್ದೇಕೆ ಎಂದು ಯಾರೂ ಕೇಳುವುದಿಲ್ಲ. ಟ್ರ್ಯಾಕ್ಟರಿಗೆ ಬೇರೆ ಚಾಸಿ ಸಾಮಾನ್ಯವಾಗಿ ಇರುವುದಿಲ್ಲ. ಮುಂದಿನ ಆಕ್ಸಲ್, ಎಂಜಿನ್, ಗೇರ್‌ಬಾಕ್ಸ್ ಒಂದಕ್ಕೊಂದು ಬೋಲ್ಟಾಗಿ ಬ್ಲಾಕೇ ಬೆನ್ನೆಲುಬಾಗಿರುತ್ತದೆ. ತೂಕ ಅಲ್ಲಿ ದೋಷವಲ್ಲ, ಚಕ್ರಕ್ಕೆ ಹಿಡಿತ ಕೊಡುವ ಗುಣ. 1923ರಿಂದ ಬೀಡು ಕಬ್ಬಿಣ ಕಂಡ ಭದ್ರಾವತಿ ನಮ್ಮ ಪಕ್ಕದಲ್ಲೇ ಇದೆ. ಕಬ್ಬಿಣದ ಬ್ಲಾಕನ್ನು ಹಳೆಯ ಕಾಲದ್ದೆಂದು ಹೀಗಳೆಯುವವರು ಮೊದಲು ಅದು ಹೊರುತ್ತಿರುವ ಹೊರೆಯನ್ನು ನೋಡಲಿ.

ಇನ್ನು ನೀರು. ಅಲ್ಯುಮಿನಿಯಂ ಶಾಖವನ್ನು ಬೇಗ ಸಾಗಿಸುತ್ತದೆಂಬ ಹೊಗಳಿಕೆಯನ್ನು ನಮ್ಮ ಜಿಲ್ಲೆಯಲ್ಲಿ ಸೋಲಿಸುವುದು ಬೋರ್‌ವೆಲ್. ರೇಡಿಯೇಟರಿಗೆ ತೋಟದ ನೀರನ್ನೇ ಸುರಿಯುವವರು ಬಹಳ. ಜಗಳೂರಿನ ಕಡೆಯಂಥ ಗಡಸು ನೀರು ಬಿಸಿ ಗೋಡೆಗೆ ತಾಗಿದಾಗ ಸುಣ್ಣದಂಥ ಪದರ ಕಟ್ಟುತ್ತದೆ. ಆ ಪದರದ ಉಷ್ಣವಾಹಕತೆ ಅಲ್ಯುಮಿನಿಯಂ ಮಿಶ್ರಲೋಹದ ಸುಮಾರು ನೂರರಲ್ಲಿ ಒಂದು ಭಾಗ. ಅಂದರೆ ಒಂದು ಮಿಲಿಮೀಟರ್ ಪದರ ಹತ್ತು ಸೆಂಟಿಮೀಟರ್ ದಪ್ಪದ ಅಲ್ಯುಮಿನಿಯಂ ಗೋಡೆಯಷ್ಟು ತಡೆಯೊಡ್ಡುತ್ತದೆ. ಜೊತೆಗೆ ನೀರಿನಲ್ಲಿರುವ ಕ್ಲೋರೈಡ್ ಅಲ್ಯುಮಿನಿಯಮ್ಮಿನ ರಕ್ಷಕ ಆಕ್ಸೈಡ್ ಪದರವನ್ನು ಕೊರೆದು ಗುಳಿ ಬೀಳಿಸುತ್ತದೆ. ಕಬ್ಬಿಣದ ಲೈನರಿನ ನೆರೆಹೊರೆ ಆ ಸವೆತವನ್ನು ಇನ್ನಷ್ಟು ಬೆಳೆಸುತ್ತದೆ. ಅಲ್ಯುಮಿನಿಯಂ ಬ್ಲಾಕ್ ಇಟ್ಟುಕೊಂಡವರು ಬಟ್ಟಿ ಇಳಿಸಿದ ನೀರು ಮತ್ತು ಸರಿಯಾದ ಕೂಲಂಟ್ ಹಾಕಲೇಬೇಕು. ಇದಕ್ಕೆ ಒಪ್ಪದವರು ಟರ್ಬೊ ವಿಚಾರ ಬಿಟ್ಟುಬಿಡುವುದೇ ಲೇಸು.

ಆ ಹುಡುಗನ ಸಿಟಿ ಕಾರಿನ ಬ್ಲಾಕ್ ಓಪನ್ ಡೆಕ್, ಎರಕದೊಳಗೆ ಕೂತ ತೆಳು ಕಬ್ಬಿಣದ ಲೈನರು. ಸರಾಸರಿ ಒತ್ತಡವನ್ನು ಈಗಿರುವ ಸುಮಾರು 9 ಬಾರಿನಿಂದ 12ರ ಆಸುಪಾಸಿಗೆ ಏರಿಸಿ, ನಾಕಿಂಗ್ ಆಗದಂತೆ ಇಗ್ನಿಷನ್ ಸಮಯವನ್ನು ಹಿಂದಕ್ಕಿಟ್ಟು ನೋಡಿಕೊಂಡರೆ ಅದು ಬಾಳಬಹುದು. ಅದು ಸುಮಾರು 135 ಅಶ್ವಸಾಮರ್ಥ್ಯ. ಇನ್ನೂರಕ್ಕೆ 17 ಬಾರ್ ಬೇಕು. ಆ ಮಟ್ಟಕ್ಕೆ ಅಂಚುಳ್ಳ ಸ್ಲೀವುಗಳೊಡನೆ ಡೆಕ್ ಮುಚ್ಚಿಸಬೇಕು. ಇಲ್ಲವೇ ಎರಕದಲ್ಲೇ ಮುಚ್ಚಿದ ಡೆಕ್ ಇರುವ ಬೇರೆ ಎಂಜಿನ್ ಹುಡುಕಬೇಕು, ಅದು ಕಬ್ಬಿಣದ್ದಾದರೂ ಬೇಸರಪಡಬಾರದು.

ಸ್ಲೀವ್ ಹಾಕಿಸುವುದೇ ಆದರೆ ಬೋರಿಂಗ್ ಅಂಗಡಿಯವರನ್ನು ಮೊದಲೇ ಒಂದು ಪ್ರಶ್ನೆ ಕೇಳಿ: ಟಾರ್ಕ್ ಪ್ಲೇಟ್ ಇದೆಯೇ? ಹೆಡ್ಡಿನ ಬದಲಿಗೆ ಬ್ಲಾಕಿನ ಮೇಲೆ ಕೂರಿಸಿ ಅದೇ ಬಿಗಿಗೆ ಬೋಲ್ಟು ತಿರುಗಿಸುವ ದಪ್ಪ ಉಕ್ಕಿನ ಹಲಗೆ ಇದು. ನಡುವೆ ಸಿಲಿಂಡರಿನಷ್ಟೇ ತೂತಿರುತ್ತದೆ. ಅಲ್ಯುಮಿನಿಯಂ ಬ್ಲಾಕಿನಲ್ಲಿ ಹೆಡ್ ಬೋಲ್ಟು ಬಿಗಿದ ಕೂಡಲೇ ಸಿಲಿಂಡರಿನ ಬಾಯಿ ಬೋಲ್ಟುಗಳ ಕಡೆಗೆ ಎಳೆದು ಆಕಾರ ಕೆಡುತ್ತದೆ. ಬಿಗಿಯದೆ ದುಂಡಗೆ ಹೋನಿಂಗ್ ಮಾಡಿದ್ದು ಬಿಗಿದ ಮೇಲೆ ದುಂಡಗಿರುವುದಿಲ್ಲ. ಹಲಗೆ ಇಲ್ಲವೆಂದರೆ ನಿಮ್ಮ ಬ್ಲಾಕಿನ ಅಳತೆಗೆ ಒಂದನ್ನು ಮೊದಲು ಮಾಡಿಸಿಕೊಳ್ಳಿ, ಹೋನಿಂಗ್ ಆಮೇಲೆ.